ಪಟ್ಟಿಯೊಳಗಿನ ಹೆಸರು

ಸಂವಿಧಾನ ಸಭೆಯಲ್ಲಿ ಜೈಪಾಲ ಸಿಂಗರು ‘ಆದಿವಾಸಿ’ ಎಂಬ ಪದವೇ ಇರತಕ್ಕದ್ದೆಂದು ವಾದಿಸಿದರು. ಸಂವಿಧಾನವು ಆ ಪದವನ್ನು ಸ್ವೀಕರಿಸದೆ, ಪರಿಶಿಷ್ಟ ಪಂಗಡದವರು ಯಾರೆಂಬುದನ್ನು ಒಂದು ಪಟ್ಟಿಗೆ ಬಿಟ್ಟಿತು. 342ನೆಯ ವಿಧಿಯಂತೆ, ಒಮ್ಮೆ ಹೊರಟ ಪಟ್ಟಿಗೆ ಹೆಸರನ್ನು ಕೂಡಿಸುವ, ಕಳೆಯುವ ಅಧಿಕಾರ ಸಂಸತ್ತಿಗೆ ಮಾತ್ರ ಉಂಟು. ಹೀಗಾಗಿ ನಮ್ಮಲ್ಲಿ ಮನ್ನಣೆಯ ಚರ್ಚೆಯೆಂದರೆ ಹೆಸರಿನ ಚರ್ಚೆ. ಅದರ ಫಲವನ್ನರಿಯಲು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಬೇಡರಿಗಿಂತ ಒಳ್ಳೆಯ ನಿದರ್ಶನವನ್ನು ನಾನು ಕಾಣೆ.

ಈ ತಾಲ್ಲೂಕುಗಳು 1956ರಲ್ಲಿ ರಾಯಚೂರು ಜಿಲ್ಲೆಯೊಡನೆ ಹೈದರಾಬಾದಿನಿಂದ ಮೈಸೂರು ರಾಜ್ಯಕ್ಕೆ ಬಂದವು. ಆ ವರ್ಷದ ಪಟ್ಟಿಯಲ್ಲಿ ರಾಯಚೂರಿಗೆ ಭಿಲ್ಲ, ಚೆಂಚು, ಗೊಂಡ, ಕೋಯ, ತೋಟಿ ಎಂಬ ಐದೇ ನಮೂದುಗಳು. ಯಲಬುರ್ಗಾದ ಎಲ್ಲೆ ದಾಟಿ ಅಂದಿನ ಧಾರವಾಡ ಜಿಲ್ಲೆಯ ರೋಣಕ್ಕೆ ಕಾಲಿಟ್ಟರೆ ‘ನಾಯಕ’ ಎಂಬ ಹೆಸರಿತ್ತು. ಅದರ ಬೆನ್ನಿಗೆ ‘ಮೋಟಾ ನಾಯಕ’, ‘ನಾನಾ ನಾಯಕ’ ಎಂಬುವೂ ಇದ್ದವು. ಮೋಟಾ, ನಾನಾ ಎಂದರೆ ಗುಜರಾತಿಯಲ್ಲಿ ದೊಡ್ಡ, ಚಿಕ್ಕ. ಹಳೆಯ ಮುಂಬಯಿಯ ಪಟ್ಟಿಯೇ ಕನ್ನಡ ಜಿಲ್ಲೆಗಳಿಗೂ ಮುಂದುವರಿದಿತ್ತು. ‘ಬೇಡ’ ಎಂಬ ಈ ನೆಲದ ಮಾತು ಎರಡೂ ಕಡೆ ಇರಲಿಲ್ಲ. ಜಿಲ್ಲೆಯ ಕಟ್ಟನ್ನು 1976ರ ಕಾಯಿದೆ ಸಡಿಲಿಸಿತು. ಬೇಡ, ಬೇಡರ್, ವಾಲ್ಮೀಕಿ ಎಂಬ ಹೆಸರುಗಳು ಸೇರಲು 1991 ಬರಬೇಕಾಯಿತು. ಅಷ್ಟರಲ್ಲಿ ಒಂದು ತಲೆಮಾರಿನ ಮಕ್ಕಳ ಶಾಲೆಯ ಕಾಲ ಕಳೆದುಹೋಗಿತ್ತು.

2019ರ ಡಿಸೆಂಬರಿನಲ್ಲಿ ರಾಜ್ಯಸಭೆಯು ಪರಿವಾರ, ತಳವಾರ ಎಂಬ ಹೆಸರುಗಳನ್ನು ನಾಯಕ ಎಂಬುದರ ಪರ್ಯಾಯಗಳೆಂದು ಸೇರಿಸುವ ವಿಧೇಯಕವನ್ನು ಅಂಗೀಕರಿಸಿತು. 2020ರಲ್ಲಿ ಅದು ಕಾಯಿದೆಯಾಯಿತು. ಉದ್ದೇಶ ನ್ಯಾಯವಾದುದೇ. ಆದರೆ ತಳವಾರನೆಂದರೆ ಊರ ಕಾವಲುಗಾರನೂ ಹೌದು. ಆ ಕೆಲಸವನ್ನು ಬೇರೆ ಬೇರೆ ಜಾತಿಯವರು ಮಾಡಿದ್ದಾರೆ. ಯಾವ ತಳವಾರರಿಗೆ ಪ್ರಮಾಣಪತ್ರ ಸಲ್ಲಬೇಕೆಂಬ ವಿವಾದ ಕೂಡಲೇ ಎದ್ದಿತು. ಸಂಸತ್ತು ಪದವನ್ನು ಕೊಟ್ಟಿತು. ಅದರ ಅರ್ಥವನ್ನು ಹುಡುಕುವ ಹೊಣೆ ತಹಶೀಲ್ದಾರರ ಕಚೇರಿಗೆ ಬಂದಿತು.

ಬಾಗಿಲನ್ನು ಸಡಿಲವಾಗಿ ತೆರೆದರೆ ಪಟ್ಟಿಯಲ್ಲಿರುವ ಸಣ್ಣ ಸಮುದಾಯಗಳ ಪಾಲು ಕರಗುವುದೆಂಬ ಆತಂಕ ಸಹಜವಾದುದು. ಆದರೆ ಅದಕ್ಕೆ 1965ರ ಲೋಕೂರ್ ಸಮಿತಿಯ ‘ಆದಿಮ ಲಕ್ಷಣ’, ‘ಹೊರಗಿನವರೊಡನೆ ಬೆರೆಯಲು ಸಂಕೋಚ’ ಮುಂತಾದ ಒರೆಗಲ್ಲುಗಳು ಉತ್ತರವಾಗಲಾರವು. ಶಾಲೆಗೆ ಹೋಗಿ ಸಂಕೋಚ ಕಳೆದುಕೊಂಡವನು ಹಕ್ಕನ್ನೂ ಕಳೆದುಕೊಳ್ಳಬೇಕೆ? ಆಸ್ಟ್ರೇಲಿಯದಲ್ಲಿ ಮೂಲನಿವಾಸಿಗಳ ಸಲಹಾ ಮಂಡಲಿಯ ಪ್ರಸ್ತಾಪ 2023ರ ಜನಮತದಲ್ಲಿ ಸೋತಿತು. ಆದರೂ ಮನ್ನಣೆಯ ತಿರುಳೇನೆಂಬ ಪ್ರಶ್ನೆಯನ್ನು ಅಲ್ಲಿ ಜನರ ಮುಂದೆ ಇಟ್ಟರು. ನಮ್ಮಲ್ಲಿ ಹೆಸರಿನ ಶಿಫಾರಸು ಬೆಂಗಳೂರಿನಿಂದ ದೆಹಲಿಗೆ ಹೋಗುವ ಮೊದಲು ಕುಷ್ಟಗಿಯ ಒಂದು ಗ್ರಾಮಸಭೆಯಲ್ಲಿ ಓದಿಸಲ್ಪಡಲಿ. ಆ ಹೆಸರಿನವರು ಯಾರೆಂಬುದನ್ನು ಹೇಳಬಲ್ಲವರು ಅಲ್ಲಿಯೇ ಇದ್ದಾರೆ.