ಮಂಗನ ಹೆಸರು, ಹೆಂಗಸಿನ ಹೆಗಲು

ಸಿರ್ಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆಯನ್ನು ನಮ್ಮಲ್ಲಿ ಅರಿಯದವರಿಲ್ಲ. ಚಿಕ್ಕ ವ್ಯಾಪಾರಿಯ ಅಂಗಡಿಯಲ್ಲಿ ಅದು ಎಲೆಯ ಪಕ್ಕದಲ್ಲಿರುತ್ತದೆ. ಪಾಳಿ ಮುಗಿಸಿ ಬಂದ ಗಿರಣಿ ಕಾರ್ಮಿಕನ ಬಾಯಲ್ಲಿರುತ್ತದೆ. ಅದರ ದರ ಏರಿತೇ ಇಳಿಯಿತೇ ಎಂದು ದಿನವೂ ಕೇಳುತ್ತೇವೆ. ಆ ತೋಟಕ್ಕೆ ಗೊಬ್ಬರ ಹೊರುವವರು ಯಾರು, ಹೊತ್ತವರ ಗತಿ ಏನು ಎಂದು ಮಾತ್ರ ಕೇಳುವುದಿಲ್ಲ.

ಅಡಿಕೆ ತೋಟ ಬದುಕುವುದು ಬೆಟ್ಟದಿಂದ. ಬ್ರಿಟಿಷರ ಮುಂಬಯಿ ಆಡಳಿತದ ಕಾಲದಿಂದಲೂ ಈ ತಾಲೂಕುಗಳಲ್ಲಿ 1 ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಡುವ ಪದ್ಧತಿ ಇದೆ. ಹಸಿ ಸೊಪ್ಪು, ಒಣಗಿದ ದರಕು ಅಲ್ಲಿಂದ ಕೊಟ್ಟಿಗೆಗೆ ಬರಬೇಕು. ದನದ ಕಾಲಡಿಯಲ್ಲಿ ಸಗಣಿ ಗಂಜಳದಲ್ಲಿ ನೆನೆದು ಗುಂಡಿಗೆ ಬೀಳಬೇಕು. ಕೊಳೆತು ಅಡಿಕೆಯ ಬುಡ ಸೇರಬೇಕು. ಮರ ಹತ್ತಿ ಸೊಪ್ಪು ಕಡಿಯುವವನು ಗಂಡಸು. ಬಗ್ಗಿ ದರಕು ಗುಡಿಸಿ, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ತರುವವಳು, ಕೊಟ್ಟಿಗೆಯಲ್ಲಿ ಹರಡುವವಳು ಬಹುಮಟ್ಟಿಗೆ ಹೆಣ್ಣು. ಕೂಲಿಯವಳು ಬೆಟ್ಟದಲ್ಲಿ, ಮನೆಯೊಡತಿ ಕೊಟ್ಟಿಗೆಯಲ್ಲಿ. ಇಬ್ಬರ ಕೈಯಲ್ಲೂ ಅದೇ ದರಕು.

ಆ ದರಕಿನಲ್ಲಿ ಸಾವು ಕುಳಿತಿದೆ. 1957ರಲ್ಲಿ ಇಲ್ಲಿಗೆ ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು, ಹಿಂದೆಂದೂ ಕಾಣದ ವೈರಸ್ ಒಂದನ್ನು ಕಂಡುಹಿಡಿದರು. ಅದನ್ನು ಹರಡುವುದು ಕಾಡಿನ ಉಣುಗು ಎಂಬುದೂ ಆಗಲೇ ಗೊತ್ತಾಯಿತು. ಹಠಾತ್ತನೆ ವಿಪರೀತ ಜ್ವರ, ತಲೆ ಸಿಡಿಯುವ ನೋವು, ಮೈಕೈ ಮುರಿತ. ಕೆಲವರಿಗೆ ಮೂಗು, ವಸಡುಗಳಿಂದ ರಕ್ತ. ಜ್ವರ ಬಿಟ್ಟಿತೆಂದು ಸಮಾಧಾನಪಡುವಷ್ಟರಲ್ಲಿ ಕೆಲವರಿಗೆ ಮತ್ತೆ ಮರುಕಳಿಸಿ ಮಿದುಳಿಗೆ ತಟ್ಟುತ್ತದೆ. ರೋಗ ತಗುಲಿದ ನೂರು ಮಂದಿಯಲ್ಲಿ 3ರಿಂದ 5 ಮಂದಿ ಸಾಯುತ್ತಾರೆ. ಇದಕ್ಕೆಂದೇ ಇರುವ ಔಷಧ ಇಂದಿಗೂ ಇಲ್ಲ. ಹಳೆಯ ಲಸಿಕೆ ಸಾಕಷ್ಟು ಕೆಲಸ ಮಾಡುವುದಿಲ್ಲವೆಂದು ಅದನ್ನು ನಿಲ್ಲಿಸಿದ್ದಾರೆ. ಹೊಸದು ಇನ್ನೂ ಪರೀಕ್ಷೆಯಲ್ಲಿದೆ. 2024ರ ಬೇಸಿಗೆಯಲ್ಲಿ ಸಿದ್ದಾಪುರ ತಾಲೂಕು ಈ ಜ್ವರದಿಂದ ಮತ್ತೆ ತತ್ತರಿಸಿತು, ಜೀವಗಳೂ ಹೋದವು.

ಈ ರೋಗಕ್ಕೂ ದುಡಿಮೆಗೂ ಇರುವ ನಂಟನ್ನು ನೋಡಿರಿ. ಮರಿ ಉಣುಗುಗಳು ಮುತ್ತುವುದು ಡಿಸೆಂಬರಿನಿಂದ ಮೇವರೆಗೆ. ಎಲೆ ಉದುರಿ, ದರಕು ಗುಡಿಸಬೇಕಾದ ಕಾಲವೂ ಅದೇ. ತೀರ ಚಿಕ್ಕದಿರುವ ಈ ಹುಳ ದರಕಿನಲ್ಲಿ ಕಾದಿರುತ್ತದೆ. ಗುಡಿಸುವ ಕೈಗೆ, ಹೊರೆ ಹೊತ್ತ ಕುತ್ತಿಗೆಗೆ ಹತ್ತುತ್ತದೆ. ಹೊರೆಯೊಡನೆ ಕೊಟ್ಟಿಗೆಗೂ ಬರುತ್ತದೆ. ಹೊಟ್ಟೆಪಾಡಿಗೆ ಬೆಟ್ಟ ಹತ್ತಿದವಳಿಗೆ ಇದು ಬರುತ್ತದೆ. ಕುರ್ಚಿಯ ಮೇಲೆ ಕುಳಿತು ಅಡಿಕೆಯ ಲೆಕ್ಕ ಬರೆಯುವವನಿಗೆ ಬರುವುದು ಅಪರೂಪ.

ಹೀಗಿದ್ದೂ ಲೋಕ ಇದನ್ನು ಕರೆಯುವುದು ಮಂಗನ ಕಾಯಿಲೆ ಎಂದು! ಮಂಗವೂ ಅದೇ ಉಣುಗಿಗೆ ಬಲಿಯಾದ ಪ್ರಾಣಿ. ಹೆಸರು ಅದರ ತಲೆಗೆ ಕಟ್ಟಿದ ಮೇಲೆ ದುಡಿಸುವವರ ಹೊಣೆ ತಪ್ಪಿತು, ಸರಕಾರದ ಹೊಣೆಯೂ ಹಗುರಾಯಿತು. ಕಾಡನ್ನೇ ಕಡಿದುಹಾಕಿದರೆ ಪೀಡೆ ತೊಲಗೀತು ಎನ್ನುವವರೂ ಇದ್ದಾರೆ. 1982ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಗೇರು ನೆಡಲು ಕಾಡು ಕಡಿದಾಗಲೇ ಈ ರೋಗ ಅಲ್ಲಿ ಭುಗಿಲೆದ್ದದ್ದನ್ನು ಅವರು ಮರೆತಿದ್ದಾರೆ. ಸಿರ್ಸಿಯ ಸಾಲ್ಕಣಿಯ ಜನ 1983ರಲ್ಲಿ ಮರಗಳನ್ನು ಅಪ್ಪಿಕೊಂಡು ಕಾಡು ಉಳಿಸಿಕೊಂಡವರು. ಕಾಡು ಇರಬೇಕು, ಅದರಲ್ಲಿ ದುಡಿಯುವವಳೂ ಬದುಕಬೇಕು.

ಗಿರಣಿ ಕಾರ್ಮಿಕ ಬಂಧುಗಳೇ, ಈ ಮಾತು ನಿಮಗೆ ಬೇಗ ತಿಳಿದೀತು. ಹತ್ತಿಯ ಧೂಳು ತುಂಬಿ ಶ್ವಾಸಕೋಶ ಕೆಟ್ಟರೆ ಅದು ಹಣೆಬರಹವಲ್ಲ, ಕೆಲಸದಿಂದ ಬಂದ ರೋಗ ಎಂದು ಕಾನೂನೇ ಒಪ್ಪಿದೆ. 1923ರ ಪರಿಹಾರ ಕಾಯ್ದೆಯಲ್ಲಿದ್ದ ಈ ತತ್ವ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿದೆ. ಸೋಂಕು ತಗಲುವ ವಿಶೇಷ ಅಪಾಯವಿರುವ ಕೆಲಸಗಳೂ ಆ ಪಟ್ಟಿಯಲ್ಲಿವೆ. ಜರ್ಮನಿಯಲ್ಲಿ ಕಾಡಿನ ಕೆಲಸಗಾರನಿಗೆ ಉಣುಗು ಕಚ್ಚಿ ಮಿದುಳು ಜ್ವರ ಬಂದರೆ ಅದನ್ನು ಕಸುಬಿನ ರೋಗವೆಂದು ಪರಿಗಣಿಸುವ ಏರ್ಪಾಡಿದೆ. ಸಿದ್ದಾಪುರದ ಹೆಂಗಸಿಗೆ ಇದು ಏಕೆ ಸಲ್ಲದು? ಅವಳ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ. ಇಂದು ಈ ತೋಟ, ನಾಳೆ ಆ ತೋಟ. ಮಾಲೀಕ ಯಾರೆಂದು ತೋರಿಸುವುದು ಹೇಗೆ? ಮನೆಯೊಡತಿಯ ಸಂಗತಿ ಇನ್ನೂ ವಿಚಿತ್ರ. ತೋಟದ ಪಹಣಿ ಸಾಮಾನ್ಯವಾಗಿ ಗಂಡನದೋ ಮಾವನದೋ ಹೆಸರಿನಲ್ಲಿ. ಅವಳು ಮಾಡಿದ್ದು ಕೆಲಸವೇ ಅಲ್ಲವಂತೆ, ಮನೆವಾರ್ತೆಯಂತೆ!

ಆರೋಗ್ಯ ಇಲಾಖೆ ಉಣುಗು ತಡೆಯುವ ಎಣ್ಣೆ ಹಂಚುತ್ತದೆ. ಬೆಟ್ಟಕ್ಕೆ ಹೋಗುವ ಮುಂಚೆ ಹಚ್ಚಿಕೊಳ್ಳಿ, ಬಂದೊಡನೆ ಬಿಸಿನೀರಿನಲ್ಲಿ ಮೀಯಿರಿ ಎನ್ನುತ್ತದೆ. ಒಳ್ಳೆಯ ಮಾತು, ಪಾಲಿಸಬೇಕು. ಆ ಎಣ್ಣೆಯನ್ನು ಮನೆಮನೆಗೆ ಮುಟ್ಟಿಸುವ ಆಶಾ ಕಾರ್ಯಕರ್ತೆಯೂ ಹೆಣ್ಣೇ. ಅವಳಿಗೂ ಸಂಬಳವಿಲ್ಲ, ಗೌರವಧನ. ಮಂಗ ಸತ್ತ ಬೆಟ್ಟಕ್ಕೆ ಹೋಗಬೇಡಿ ಎಂದೂ ಹೇಳುತ್ತಾರೆ. ಹೋಗದ ದಿನದ ಕೂಲಿ ಕೊಡುವವರು ಯಾರು ಎಂದು ಮಾತ್ರ ಹೇಳುವುದಿಲ್ಲ. ಬರಿಯ ಉಪದೇಶದಿಂದ ಒಲೆ ಉರಿಯುವುದಿಲ್ಲ.

ಆದುದರಿಂದ ನಮ್ಮ ಒತ್ತಾಯ ಇಷ್ಟು. ರೋಗವಿರುವ ತಾಲೂಕುಗಳಲ್ಲಿ ಬೆಟ್ಟ, ಕೊಟ್ಟಿಗೆ, ತೋಟಗಳಲ್ಲಿ ದುಡಿಯುವ ಎಲ್ಲರಿಗೂ, ಕೂಲಿಗೆ ಬರಲಿ ಮನೆಯವಳೇ ಇರಲಿ, ಇದನ್ನು ಕಸುಬಿನ ರೋಗವೆಂದು ಸರಕಾರ ಸಾರಬೇಕು. ಹಾಜರಿ ಪುಸ್ತಕ ಕೇಳದೆ, ರಕ್ತ ಪರೀಕ್ಷೆಯ ವರದಿಯನ್ನೇ ಸಾಕ್ಷಿಯೆಂದು ಒಪ್ಪಬೇಕು. ಮಲಗಿದ ದಿನಗಳಿಗೆ ಕೂಲಿ, ಸತ್ತರೆ ಕುಟುಂಬಕ್ಕೆ ಹಕ್ಕಿನ ಪರಿಹಾರ ಸಿಗಬೇಕು. ಮಂಗ ಸತ್ತು ಬೆಟ್ಟ ಮುಚ್ಚಿದ ದಿನಗಳಿಗೆ ಬೇರೆ ಕೆಲಸ ಕೊಡಬೇಕು. ಎಣ್ಣೆ ಡಿಸೆಂಬರಿಗೆ ಮೊದಲೇ ಮನೆ ಸೇರಬೇಕು.

ಹಣವೆಲ್ಲಿ ಎಂದು ಕೇಳಿಯಾರು. ಅಡಿಕೆಯ ವಹಿವಾಟಿನ ಮೇಲೆ ಮಾರುಕಟ್ಟೆ ಸಮಿತಿಗಳು ಸೆಸ್ ಎತ್ತುತ್ತವೆ. ಅದರಲ್ಲೊಂದು ಪಾಲು ಈ ನಿಧಿಗೆ ಬರಲಿ, ಉಳಿದುದನ್ನು ಸರಕಾರ ತುಂಬಲಿ. ಚಿಕ್ಕ ವ್ಯಾಪಾರಿ ಹೆದರಬೇಕಾಗಿಲ್ಲ. ಹೊಸ ತೆರಿಗೆಯನ್ನು ನಾವು ಕೇಳುತ್ತಿಲ್ಲ. ತೋಟಿಗರಿಗೂ ಒಂದು ಮಾತು. ಸಿರ್ಸಿಯಲ್ಲಿ 1923ರಲ್ಲೇ ಸಹಕಾರಿ ಮಾರಾಟ ಸಂಘ ಕಟ್ಟಿ ದಲ್ಲಾಳಿಗಳಿಗೆ ಎದುರು ನಿಂತವರು ನೀವು. ದರಕು ಹೊರುವವಳನ್ನೂ ಆ ಸಹಕಾರದ ಲೆಕ್ಕಕ್ಕೆ ಸೇರಿಸಿಕೊಳ್ಳಿರಿ.

ಗಿರಣಿಯ ಸಂಘಗಳೂ ವ್ಯಾಪಾರಿಗಳ ಸಂಘಗಳೂ ಈ ಬಗ್ಗೆ ನಿರ್ಣಯ ಮಾಡಿ ಸರಕಾರಕ್ಕೆ ಕಳಿಸಲಿ. ಬೇಸಿಗೆ ಬಂದ ಮೇಲೆ ಕೂಗಿ ಫಲವಿಲ್ಲ. ಎಲೆ ಉದುರುವ ಮುಂಚೆಯೇ ಕೂಗಬೇಕು.