ಸದಾರಮೆಯ ಕಳ್ಳ ತೆರೆಗೆ ಬಂದಾಗ

ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟದವರಿಗೆ ಗುಬ್ಬಿಯೇನೂ ದೂರದ ಊರಲ್ಲ, ಪಕ್ಕದ ತಾಲ್ಲೂಕು. ಕೊಬ್ಬರಿಗೆ ತಿಪಟೂರು ಹೇಗೋ ನಾಟಕಕ್ಕೆ ಗುಬ್ಬಿ ಹಾಗೆ. ಅಲ್ಲಿ 1884ರಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಗೆ ಬಾಲನಟರಾಗಿ ಸೇರಿ, 1917ರಲ್ಲಿ ಅದರ ಒಡೆಯರೇ ಆದ ವೀರಣ್ಣನವರು ಮೂಲತಃ ನಗಿಸುವವರು. ‘ಸದಾರಮೆ’ ನಾಟಕದಲ್ಲಿ ಅವರ ಕಳ್ಳನ ಪಾತ್ರಕ್ಕಾಗಿಯೇ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು.

ಆ ಕಳ್ಳ 1935ರಲ್ಲಿ ವಾಕ್ಚಿತ್ರಕ್ಕೂ ಬಂದ. ನಿರ್ದೇಶಕರು ರಾಜಾ ಚಂದ್ರಶೇಖರ್. ಸದಾರಮೆಯಾಗಿ ಮಧುರಕಂಠದ ಅಶ್ವತ್ಥಮ್ಮ. ಕನ್ನಡ ಚಿತ್ರಕ್ಕೆ ಮಾತು ಬಂದು ಆಗಿನ್ನೂ ಒಂದು ವರ್ಷ. 1934ರ ‘ಸತಿ ಸುಲೋಚನ’, ‘ಭಕ್ತಧ್ರುವ’ ಎರಡೂ ಪೌರಾಣಿಕಗಳು. ಪುರಾಣದ ರಾವಣನಿಗೆ ಗಂಭೀರವಾದ ಕಂಠವಿದ್ದರೆ ಸಾಕು. ನಗೆಗಾರನ ಪಾಡು ಬೇರೆ. ರಂಗದ ಮೇಲೆ ಅವನು ಒಂದು ಮಾತು ಎಸೆದು, ಸಭೆಯ ನಗು ಏರಿ ಇಳಿಯುವವರೆಗೆ ಕಾದು, ಮುಂದಿನದನ್ನು ಎಸೆಯುತ್ತಾನೆ. ಸ್ಟುಡಿಯೋದಲ್ಲಿ ಯಾರೂ ನಗುವಂತಿಲ್ಲ. ನಕ್ಕರೆ ಧ್ವನಿಗ್ರಹಣ ಕೆಡುತ್ತದೆ! ಅಷ್ಟೇ ಅಲ್ಲ, ಊರಿಂದೂರಿಗೆ ಬದಲಾಗುತ್ತಿದ್ದ ಚಟಾಕಿ ಇಲ್ಲಿ ಒಮ್ಮೆ ಆಡಿದರೆ ಮುಗಿಯಿತು, ಎಂದೆಂದಿಗೂ ಅದೇ.

ದೂರದ ಹಂಗೇರಿಯವರೂ ರಂಗಭೂಮಿಯ ನಗೆಗಾರರನ್ನೇ ನಂಬಿದ್ದರು. 1931ರಲ್ಲಿ ಬುಡಾಪೆಸ್ಟಿನಲ್ಲಿ ಇಸ್ತ್ವಾನ್ ಸೇಕೆ ತೆಗೆದ ‘ಹಿಪ್ಪೊಲಿತ್’ ನಾಟಕದಿಂದಲೇ ಬಂದ ಕಥೆ. ಹೊಸದಾಗಿ ಹಣ ಕಂಡ ಮನೆಗೆ ಜಮೀನ್ದಾರರಲ್ಲಿ ಪಳಗಿದ ಸೇವಕನೊಬ್ಬ ಬಂದು ಯಜಮಾನನಿಗೇ ಶಿಷ್ಟಾಚಾರ ಕಲಿಸುವ ಪ್ರಹಸನ. ಗ್ಯೂಲಾ ಕಾಬೋಷ್ ಎಂಬ ರಂಗನಟ ಬಡಪಾಯಿ ಯಜಮಾನನಾಗಿ ಮನೆಮಾತಾದ. ಜೊತೆಯಲ್ಲೇ ಜರ್ಮನ್ ಆವೃತ್ತಿಯನ್ನೂ ಚಿತ್ರಿಸಲಾಯಿತು. ಪುಟ್ಟ ಭಾಷೆಯ ಮಾರುಕಟ್ಟೆ ಖರ್ಚಿಗೆ ಸಾಲದಲ್ಲ! ಆದರೂ ಅವರಿಗೆ ಸ್ವಂತ ಊರಿನಲ್ಲೇ ಸ್ಟುಡಿಯೋ ಇತ್ತು. ನಮ್ಮವರು ‘ಸತಿ ಸುಲೋಚನ’ಕ್ಕಾಗಿ ವೇಷಭೂಷಣ ಕಟ್ಟಿಕೊಂಡು ಕೊಲ್ಲಾಪುರಕ್ಕೆ ಹೋಗಬೇಕಾಯಿತು. ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ.

ವೀರಣ್ಣನವರು ಮಾತ್ರ ಚಿತ್ರವನ್ನಾಗಲಿ ನಾಟಕವನ್ನಾಗಲಿ ಬಿಡಲಿಲ್ಲ. ಅವರ ಸಂಸ್ಥೆಯ ಹೆಸರು ಹೊತ್ತ ‘ಬೇಡರ ಕಣ್ಣಪ್ಪ’ 1954ರಲ್ಲಿ ತೆರೆಕಂಡಾಗ, ನಾಯಕ ರಾಜಕುಮಾರರ ಜೊತೆಯಲ್ಲೇ ಹಲ್ಲುಬ್ಬಿನ, ಸಣಕಲು ಮೈಯ ನಗೆಗಾರನೊಬ್ಬನನ್ನು ಜನ ಕಂಡರು. ಕಂಪನಿ ನಾಟಕಗಳಲ್ಲೇ ಬೆಳೆದ ಆ ನರಸಿಂಹರಾಜು ಇದೇ ತೆಂಗಿನ ಸೀಮೆಯ ತಿಪಟೂರಿನವರು.