ಡಿಸ್ಕ್ ಬಾಗಿಲ್ಲ, ಸ್ವಾಮಿ!

ಹೊಸ ಬ್ರೇಕ್ ಪ್ಯಾಡ್ ಪಳಗಿಸುವುದು ರೇಸ್ ಕಾರಿನವರ ಶೋಕಿ, ಸ್ಟೀರಿಂಗ್ ನಡುಗಿದರೆ ಡಿಸ್ಕ್ ಬಾಗಿದೆಯೆಂದೇ ಅರ್ಥ ಎಂದು ಕಳೆದ ಸಂಚಿಕೆಯ ಲೇಖಕರು ತೀರ್ಪು ಕೊಟ್ಟಿದ್ದಾರೆ. ಎರಡೂ ತಪ್ಪು. ಎರಕದ ಕಬ್ಬಿಣದ ಡಿಸ್ಕ್ ಅಷ್ಟು ಸುಲಭಕ್ಕೆ ಬಾಗುವುದಿಲ್ಲ. ಪ್ಯಾಡಿನ ಪದಾರ್ಥ ಅದರ ಮೇಲೆ ತೆಳುವಾಗಿ, ಸಮನಾಗಿ ಮೆತ್ತಿಕೊಳ್ಳಬೇಕು. ಹೊಸ ದೋಸೆಹಂಚನ್ನು ಎಣ್ಣೆ ಸವರಿ ಪಳಗಿಸುತ್ತೇವಲ್ಲ, ಹಾಗೆ. ಒಂದೆಡೆ ದಪ್ಪ, ಒಂದೆಡೆ ತೆಳುವಾದರೆ ಸ್ಟೀರಿಂಗ್ ನಡುಗುತ್ತದೆ, ಪೆಡಲ್ ಪಾದದಡಿ ಅದುರುತ್ತದೆ. (ಹಬ್ ಮೇಲಿನ ತುಕ್ಕು ಉಜ್ಜದೆ ಡಿಸ್ಕ್ ಕೂರಿಸಿದರೂ ಇದೇ ಗತಿ.) ಪ್ಯಾಡ್ ಪಳಗಿಸಲು ಖಾಲಿ ರಸ್ತೆಯಲ್ಲಿ ಗಂಟೆಗೆ 50–60 ಕಿ.ಮೀ. ವೇಗವನ್ನು 10ಕ್ಕೆ, ಪೂರ್ತಿ ನಿಲ್ಲಿಸದೆ, ಎಂಟ್ಹತ್ತು ಸಲ ಇಳಿಸಿ. ಆಮೇಲೆ ಬ್ರೇಕ್ ಮುಟ್ಟದೆ ಓಡಿಸಿ ಆರಲು ಬಿಡಿ. ಕಾದ ಬ್ರೇಕ್ ಒತ್ತಿಹಿಡಿದು ಸಿಗ್ನಲ್‌ನಲ್ಲಿ ನಿಂತಿರೋ, ಪ್ಯಾಡಿನ ಅಚ್ಚು ಅಲ್ಲೇ ಮೂಡುತ್ತದೆ. ಪ್ಯಾಡಿನ ಡಬ್ಬಿಯಲ್ಲಿ ಸೂಚನೆಯ ಚೀಟಿಯಿದ್ದರೆ ಬಿಸಾಡಬೇಡಿ, ಓದಿ.